ಐದೂವರೆಯ ಬಸ್ಸಿನಿಂದ ಇಳಿಯುವವಳು

ಶಿವಮೊಗ್ಗದ ಒಂದು ಕಾಲೇಜಿನಲ್ಲಿ ನಾನು ತತ್ವಶಾಸ್ತ್ರ ಕಲಿಸುತ್ತಿದ್ದೆ. ಆ ವಿಷಯಕ್ಕೆ ಬರುತ್ತಿದ್ದವರಲ್ಲಿ ಎರಡು ಬಗೆ. ಬೇರೆ ಕಾಂಬಿನೇಷನ್ ಸಿಗದೆ ಬಂದವರು ಒಂದು, ಊಟವಾದ ಮೇಲೆ ಫ್ಯಾನಿನ ಕೆಳಗೆ ಕೂರಲು ಜಾಗ ಹುಡುಕಿಕೊಂಡು ಬಂದವರು ಇನ್ನೊಂದು. ಎರಡೂ ಪಂಗಡದ ಮೇಲೆ ನನಗೆ ಸಿಟ್ಟಿರಲಿಲ್ಲ. ನನ್ನ ಹೊಟ್ಟೆಪಾಡು ನಡೆಯುತ್ತಿದ್ದದ್ದು ಅವರಿಂದಲೇ. ಆದರೆ ಮನಸ್ಸು ಎಂದರೇನು ಎಂದು ಕೇಳುವ ಭಾಗದಲ್ಲಿ ಅಭ್ಯಾಸದ ಬಗ್ಗೆ ಒಂದು ಪಾಠವಿತ್ತು. ಅದು ಬಂದ ದಿನ ಮಾತ್ರ ಡಸ್ಟರಿನಿಂದ ಮೇಜು ಕುಟ್ಟಿ ಎಲ್ಲರನ್ನೂ ಎಬ್ಬಿಸಿ ಕೂರಿಸುತ್ತಿದ್ದೆ.

"ಇವತ್ತು ಬೆಳಿಗ್ಗೆ ಚಪ್ಪಲಿ ಹಾಕ್ಕೊಳ್ಳುವಾಗ ಯಾವ ಕಾಲಿಗೆ ಮೊದಲು ಹಾಕಿದ್ರಿ?" ಎಂದು ಕೇಳುತ್ತಿದ್ದೆ. ಯಾರಿಗೂ ಗೊತ್ತಿರುತ್ತಿರಲಿಲ್ಲ. "ಹಾಗಾದ್ರೆ ಹಾಕಿದ್ದು ಯಾರು?" ಎಂದರೆ ನಗುತ್ತಿದ್ದರು. ಆ ನಗುವಿನ ಮೇಲೆ ಪಾಠ ಶುರು. ಮನಸ್ಸು ಒಂದು ಕೆಲಸವನ್ನು ಕಲಿಯುತ್ತದೆ, ಕಲಿತದ್ದನ್ನು ಮೈಗೆ ಒಪ್ಪಿಸಿ ತಾನು ಎದ್ದು ಹೋಗುತ್ತದೆ, ಆದ್ದರಿಂದ ಅಭ್ಯಾಸ ಇರುವ ಕಡೆ ಮನಸ್ಸು ಇಲ್ಲ ಎನ್ನುವವರು ಒಂದು ಕಡೆ. ಹಾಗಲ್ಲ, ಮನಸ್ಸು ಮೈಯೊಳಗೆ ಇಳಿದು ನೆಲೆಯೂರಿದ್ದೇ ಅಭ್ಯಾಸ, ಅದಕ್ಕಿಂತ ಗಟ್ಟಿಯಾದ ಮನಸ್ಸು ಬೇರೆ ಇಲ್ಲ ಎನ್ನುವವರು ಇನ್ನೊಂದು ಕಡೆ. ನಾನು ಎರಡನ್ನೂ ಹೇಳಿ, ಮೊದಲನೆಯದನ್ನು ಸ್ವಲ್ಪ ಜೋರಾಗಿ ಹೇಳುತ್ತಿದ್ದೆ. ಎಚ್ಚರವೇ ಮನಸ್ಸು, ಎಚ್ಚರವಿಲ್ಲದೆ ನಡೆಯುವುದೆಲ್ಲ ಖಾಲಿ ಮನೆಯಲ್ಲಿ ಆರಿಸದೆ ಬಿಟ್ಟುಹೋದ ಫ್ಯಾನು ಎನ್ನುತ್ತಿದ್ದೆ. ಪರೀಕ್ಷೆಯಲ್ಲಿ ಆ ಫ್ಯಾನಿನ ಮಾತು ಬರೆದವರಿಗೆ ಒಂದು ಮಾರ್ಕು ಹೆಚ್ಚಿಗೆ ಹಾಕಿದ್ದೂ ಉಂಟು.

ಆ ಪಕ್ಷವನ್ನು ನಾನು ಯಾವ ಪುಸ್ತಕ ಓದಿಯೂ ಹಿಡಿದದ್ದಲ್ಲ. ಭದ್ರಾವತಿಯಲ್ಲಿ, ನನ್ನ ಅಡುಗೆಮನೆಯಲ್ಲಿ ನಿಂತು ಹಿಡಿದದ್ದು.

ನ್ಯೂಟೌನಿನ ಆ ಮನೆಗೆ ನಾನು ಕಾಲಿಟ್ಟದ್ದು ಎರಡನೆಯ ಹೆಂಡತಿಯಾಗಿ. ಮೊದಲನೆಯವಳು ನನ್ನ ಸ್ವಂತ ಅಕ್ಕ. ಕಾಮಾಲೆ ಬಂದು ನೋಡನೋಡುತ್ತ ಹೋಗಿಬಿಟ್ಟಳು. ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಮಗಳೊಬ್ಬಳಿದ್ದಳು. ತಿಥಿಯ ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಹಿರಿಯರು ಮಾತು ಎತ್ತಿದರು. ಮಗು ಬೇರೆಯವರ ಕೈಗೆ ಹೋಗುವುದು ಬೇಡ, ತಂಗಿ ಇದ್ದಾಳಲ್ಲ ಎಂದರು. ನನಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಕೆಲಸ ಬಿಡುವುದಿಲ್ಲ ಎಂದು ಒಂದೇ ಷರತ್ತು ಹಾಕಿದೆ, ಒಪ್ಪಿದರು. ಇನ್ನೂ ಏನಾದರೂ ಕೇಳಬಹುದಿತ್ತು ಎಂದು ಆಗ ಹೊಳೆಯಲಿಲ್ಲ.

ಅಲ್ಲಿಯವರೆಗೆ ಅವರನ್ನು ಭಾವ ಎಂದು ಕರೆದಿದ್ದ ನಾಲಿಗೆ, ತಾಳಿ ಕಟ್ಟಿಸಿಕೊಂಡ ಮರುದಿನವೂ "ಭಾವ, ಕಾಫಿ" ಎಂದಿತು. ಆಗಿನ್ನೂ ಬದುಕಿದ್ದ ಅತ್ತೆ ಹಣೆ ಚಚ್ಚಿಕೊಂಡರು. ಆಮೇಲೆ ಏನೂ ಕರೆಯದೆ, ಬಳೆ ಸದ್ದು ಮಾಡಿ, ಕೆಮ್ಮಿ, "ಇಲ್ನೋಡಿ" ಎಂದು ಸಂಸಾರ ಸಾಗಿಸಿದೆ. ಅವರೂ ಅಷ್ಟೇ. ನಮ್ಮ ಕಡೆಯ ಗಂಡಸರು ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ, "ಇವಳೇ" ಎಂದರೆ ಮುಗಿಯಿತು. ಅಕ್ಕನನ್ನೂ ಹಾಗೇ ಕರೆಯುತ್ತಿದ್ದರು. ರಜೆಗೆ ಬಂದಾಗಲೆಲ್ಲ ನಾನು ಕೇಳಿದ್ದೆ.

ಅಡುಗೆಮನೆಯದು ಇನ್ನೂ ದೊಡ್ಡ ಕತೆ. ಅಕ್ಕ ಎಡಚಿ. ಉಣ್ಣುವುದು, ಕೊಡುವುದು, ಕುಂಕುಮ ಇಡುವುದು ಮಾತ್ರ ಬಲಗೈಯಲ್ಲಿ, ಅದೂ ಅಮ್ಮನ ಏಟು ತಿಂದು ಕಲಿತದ್ದು. ಮಿಕ್ಕ ಕೆಲಸಕ್ಕೆಲ್ಲ ಎಡಗೈ. ಒಲೆಯನ್ನು ಅವಳು ಕಟ್ಟೆಯ ಬಲತುದಿಗೆ, ಗೋಡೆಗೆ ಒತ್ತಿ ಇರಿಸಿದ್ದಳು. ಸೌಟಿನ ಮೊಳೆ, ಸಾಸಿವೆ ಡಬ್ಬಿ, ಮಿಕ್ಸಿ ಎಲ್ಲವೂ ಎಡಕ್ಕೆ. ನಾನು ಬಲಗೈಯಲ್ಲಿ ಸಾರು ತಿರುಗಿಸಲು ಹೋದರೆ ಮೊಣಕೈ ಗೋಡೆಗೆ ಬಡಿಯುತ್ತಿತ್ತು. ಒಲೆಯನ್ನು ಆಚೆ ಸರಿಸಬಹುದಿತ್ತಲ್ಲ ಎಂದು ಕೇಳುವವರು ಕೇಳಲಿ. ಸತ್ತವಳ ಒಲೆ ಸರಿಸಿದಳು ಎಂಬ ಮಾತನ್ನು ಅತ್ತೆಯ ಬಾಯಿಂದ ಕೇಳುವುದಕ್ಕಿಂತ ಎಡಗೈ ಕಲಿಯುವುದು ಸುಲಭವಾಗಿತ್ತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಎಡಗೈ ಒಗ್ಗರಣೆ ಹಾಕುತ್ತಿತ್ತು, ದೋಸೆ ಮಗುಚುತ್ತಿತ್ತು, ಕಾಯಿ ತುರಿಯುತ್ತಿತ್ತು.

ಒಂದು ದಿನ ಬೇರೇನೋ ಯೋಚಿಸುತ್ತ ಒಲೆಯ ಮುಂದೆ ನಿಂತಿದ್ದೆ. ಕೈ ತನ್ನಷ್ಟಕ್ಕೆ ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ತಟ್ಟಿ ಮೊಳೆಗೆ ಸಿಕ್ಕಿಸಿತು. ಹಾಗೆ ತಟ್ಟುತ್ತಿದ್ದವಳು ಅಕ್ಕ. ನಾನು ಅದನ್ನು ಕಲಿತ ನೆನಪೇ ಇಲ್ಲ. ಒಲೆಯೋ ಗೋಡೆಯೋ ಕೈಯನ್ನು ಎಡಕ್ಕೆ ದೂಡಿದ್ದು ಅರ್ಥವಾಗುತ್ತದೆ, ತಟ್ಟು ಎಂದು ಹೇಳಿದ್ದು ಯಾರು? ಆ ಮಧ್ಯಾಹ್ನ ಒಲೆ ಆರಿಸಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮತ್ತೆ ಒಳಗೆ ಹೋಗಲು ಭಯವಾಯಿತು.

ಭಯದ ಜೊತೆ ಇನ್ನೊಂದೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು. ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವಂಥ ದಂಡದ ಕೆಲಸ ಇನ್ನೊಂದಿಲ್ಲ. ಜಗಳ ಆಡೋಣವೆಂದರೆ ಎದುರಿಗೆ ಸಿಗುವುದಿಲ್ಲ, ವಯಸ್ಸೂ ಆಗುವುದಿಲ್ಲ. ಊಟಕ್ಕೆ ಕೂತರೆ ಉಪ್ಪು ಕಮ್ಮಿ, ಹುಳಿ ಜಾಸ್ತಿ ಎಂದು ಕೊಂಕು ತೆಗೆಯುವ ನನ್ನ ಗಂಡ ಎಂದಾದರೂ ಒಂದು ದಿನ ಚೆನ್ನಾಗಿದೆ ಎಂದರೆ, ಯಾರ ಕೈ ಚೆನ್ನಾಗಿದೆ ಎಂದು ಯೋಚಿಸುತ್ತ ಎಲೆಯಡಿಕೆ ತಟ್ಟೆ ತರುತ್ತಿದ್ದೆ. ಅಭ್ಯಾಸ ಇರುವ ಕಡೆ ಮನಸ್ಸಿಲ್ಲ ಎಂದು ಮರುದಿನ ಶಿವಮೊಗ್ಗದಲ್ಲಿ ಅಷ್ಟು ಜೋರಾಗಿ ಹೇಳುತ್ತಿದ್ದದ್ದು ಅದಕ್ಕೇ. ಇದೆ ಎಂದು ಒಪ್ಪಿಕೊಂಡರೆ, ನನ್ನ ಎಡಗೈಯಲ್ಲಿ ಇರುವುದು ಯಾರ ಮನಸ್ಸು ಎಂದು ಹೇಳಬೇಕಾಗುತ್ತಿತ್ತು.

ವರ್ಷಕ್ಕೊಮ್ಮೆ ಪಿತೃಪಕ್ಷದಲ್ಲಿ ನಾವು ಹಿರಿಯರ ಹಬ್ಬ ಮಾಡುತ್ತೇವೆ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಬೇಯಿಸಿ ಎಡೆ ಇಟ್ಟು, ಪಕ್ಕದಲ್ಲಿ ಹೊಸ ಬಟ್ಟೆ ಇಡುತ್ತೇವೆ. ಮುತ್ತೈದೆಯಾಗಿ ಹೋದವಳಿಗೆ ಸೀರೆ. ನಮ್ಮನೆಯವರೇ ಪೇಟೆಗೆ ಹೋಗಿ, ಅಕ್ಕನಿಗೆ ಇಷ್ಟವಿದ್ದ ಗಿಳಿಹಸಿರನ್ನೋ ಅರಿಶಿನದ ಬಣ್ಣವನ್ನೋ ಹುಡುಕಿ ತರುತ್ತಿದ್ದರು. ಇಟ್ಟ ಸೀರೆಯನ್ನು ಆಮೇಲೆ ಉಡಬೇಕಾದವಳು ಎರಡನೆಯವಳು, ಅದು ಪದ್ಧತಿ. ನಾನು ಹಬ್ಬದ ದಿನ ಒಮ್ಮೆ ಉಟ್ಟು, ಮಡಚಿ ಬೀರುವಿನ ಕೆಳಗಿನ ಅರೆಗೆ ಹಾಕುತ್ತಿದ್ದೆ. ಕಾಲೇಜಿಗೆ ಉಡಲು ಗಂಜಿ ಹಾಕಿದ ನನ್ನವೇ ಹತ್ತಿ ಸೀರೆಗಳಿದ್ದವು, ಬೂದಿ, ಕಂದು, ಕಡುನೀಲಿ. ರಿಟೈರ್ ಆದ ಮೇಲೆ ಒಂದು ದಿನ ಕೆಳಗಿನ ಅರೆ ತೆಗೆದೆ. ಒಂದರ ಮೇಲೊಂದು ಗಿಳಿಹಸಿರು, ಅರಿಶಿನ, ಮತ್ತೆ ಗಿಳಿಹಸಿರು. ಇಟ್ಟು ಏನು ಮಾಡುವುದು, ಮನೆಯಲ್ಲೇ ಉಟ್ಟು ಹರಿಯಲಿ ಎಂದುಕೊಂಡೆ. ನಮ್ಮಂಥ ಮನೆಗಳಲ್ಲಿ ಸೀರೆಯನ್ನು ಸುಮ್ಮನೆ ಹಳೆಯದಾಗಲು ಬಿಡುವುದಿಲ್ಲ. ಅದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಅಷ್ಟರಲ್ಲಿ ಅವರ ಮರೆವು ಶುರುವಾಗಿತ್ತು. ಅವರು ನನಗಿಂತ ಬಹಳ ಮೊದಲೇ ಕಾರ್ಖಾನೆಯಿಂದ ನಿವೃತ್ತರಾದವರು. ಮೊದಮೊದಲು ಕನ್ನಡಕ, ಬೀಗದ ಕೈ. ಆಮೇಲೆ ಒಂದು ಬೆಳಿಗ್ಗೆ ಮೊಪೆಡ್ ಹತ್ತಿ ಹೋದವರು ಹೊಳೆಹೊನ್ನೂರಿನ ದಾರಿಯಲ್ಲಿ ಗಾಡಿ ನಿಲ್ಲಿಸಿ, ತಾನು ಎಲ್ಲಿಗೆ ಹೊರಟಿದ್ದೆ ಎಂದು ಗದ್ದೆಗೆ ಹೋಗುವವರನ್ನು ಕೇಳಿದರಂತೆ. ಅಕ್ಕನ ಮಗಳು ಈಗ ಶಿವಮೊಗ್ಗದ ಗೋಪಾಳದಲ್ಲಿ ಗಂಡ, ಮಕ್ಕಳ ಜೊತೆ ಇದ್ದಾಳೆ. ನಾನೇ ಸಾಕಿ ಬೆಳೆಸಿದವಳಾದರೂ ನನ್ನನ್ನು ಚಿಕ್ಕಮ್ಮ ಎಂದೇ ಕರೆಯುತ್ತಾಳೆ. ಅವಳು ರಜೆ ಹಾಕಿ ಅಪ್ಪನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು, ನಾನೂ ಹೋದೆ.

"ಹೊಸ ನೆನಪು ಮೊದಲು ಹೋಗುತ್ತೆ" ಎಂದರು ಡಾಕ್ಟರು. "ಹಳೇದು ಬಹಳ ದಿನ ನಿಲ್ಲುತ್ತೆ. ದಿನಾ ಮಾಡೋ ಅಭ್ಯಾಸಗಳನ್ನ ಮಾತ್ರ ತಪ್ಪಿಸ್ಬೇಡಿ. ಅವು ಎಲ್ಲಕ್ಕಿಂತ ಗಟ್ಟಿ."

ಮಗಳು ಮಾತ್ರೆಯ ಬಗ್ಗೆ ಕೇಳುತ್ತಿದ್ದಳು. ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಹಳೆಯದು ಅಕ್ಕ, ಹೊಸದು ನಾನು. ಅವಳು ಅವರೊಂದಿಗೆ ಬಾಳಿದ್ದು ನಾಲ್ಕು ದಿನ, ನಾನು ಅರ್ಧ ಆಯುಷ್ಯ ಕಳೆದೆ, ಆದರೂ ಸರದಿಯಲ್ಲಿ ನಾನು ಅವಳ ಹಿಂದೆ ಬಂದವಳು. ಅವರ ತಲೆಯಿಂದ ಮೊದಲು ನಾನು ಹೋಗುತ್ತೇನೆ, ಆ ಜಾಗಕ್ಕೆ ಅವಳು ಬರುತ್ತಾಳೆ. ವಾಪಸು ಬರುವಾಗ ಬಸ್ಸಿನಲ್ಲಿ ಅವರ ಕೈ ಹಿಡಿದುಕೊಂಡು ಕೂತೆ. ನಾಲ್ಕು ಜನರ ಎದುರಿಗೆ ಹಾಗೆ ಕೂತವಳಲ್ಲ ನಾನು.

ಅವಳು ಬಂದೇ ಬಂದಳು. ಒಂದು ಸಂಜೆ, ಇನ್ನೂ ಬಿಸಿಲಿತ್ತು, ಕಾಫಿ ಸೋಸಿ ಅವರಿಗೆ ಲೋಟ ಕೊಡಲು ಹೋದೆ. ಗಿಳಿಹಸಿರು ಸೀರೆ ಉಟ್ಟಿದ್ದೆ. ಅವರು ಲೋಟ ತೆಗೆದುಕೊಳ್ಳದೆ ಸೆರಗನ್ನು ನೋಡಿದರು, ಮುಖ ನೋಡಿದರು. ಆಮೇಲೆ ಬಹಳ ಮೆಲ್ಲಗೆ, "ನಿನ್ ತಂಗಿ ಬರೋ ಹೊತ್ತಾಯ್ತು. ನಾನ್ ಹೋಗಿ ಕರ್ಕೊಂಡ್ ಬರ್ತೀನಿ" ಎಂದರು. ಛತ್ರಿ ಹಿಡಿದು ಹೊರಟೇಬಿಟ್ಟರು.

ನಾನು ಕೆಲಸದಲ್ಲಿದ್ದಷ್ಟು ಕಾಲವೂ ಶಿವಮೊಗ್ಗದಿಂದ ಐದೂವರೆಯ ಹೊತ್ತಿಗೆ ನಮ್ಮ ಸ್ಟಾಪಿಗೆ ಬರುವ ಬಸ್ಸಿನಲ್ಲಿ ಇಳಿಯುತ್ತಿದ್ದೆ. ಬೆಳಗಿನ ಪಾಳಿ ಇದ್ದ ವಾರಗಳಲ್ಲಿ ಅವರು ಸ್ಟಾಪಿನ ಎದುರಿನ ಬೇಕರಿಯ ಮುಂದೆ ಬಂದು ನಿಂತಿರುತ್ತಿದ್ದರು. ಯಾಕೆ ಬರುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ "ತರಕಾರಿ ತಗೊಳ್ಳೋಕ್ ಬಂದಿದ್ದೆ" ಎಂದರು, ಕೈಯಲ್ಲಿ ತರಕಾರಿ ಇರಲಿಲ್ಲ. ನಿವೃತ್ತರಾದ ಮೇಲೆ ದಿನವೂ ಬಂದರು. ನನ್ನ ಬ್ಯಾಗು ಇಸಿದುಕೊಂಡು, ಮುಂದೆ ಮುಂದೆ ನಡೆದು, ಮನೆ ಮುಟ್ಟುವವರೆಗೆ ಎರಡು ಮಾತು ಆಡಿದರೆ ಹೆಚ್ಚು. ನಾನು ಅದಕ್ಕೆ ಬೆಲೆ ಕೊಟ್ಟವಳಲ್ಲ. ಅಭ್ಯಾಸ ಆಗಿಹೋಗಿದೆ, ಬರುತ್ತಾರೆ ಎಂದುಕೊಂಡಿದ್ದೆ. ನಾನು ರಿಟೈರ್ ಆದ ಮೇಲೂ ಆ ಹೊತ್ತಿಗೆ ಅವರು ಅತ್ತ ಒಂದು ಸುತ್ತು ಹೋಗಿ ಬರುವುದು ನಿಂತಿರಲಿಲ್ಲ.

ಆ ಸಂಜೆ ನಾನು ಹಿಂದೆಯೇ ಹೋದೆ. ಬೇಕರಿಯ ಮುಂದೆ ಎಂದಿನ ಜಾಗದಲ್ಲೇ ನಿಂತಿದ್ದರು. ಹತ್ತಿರ ಹೋಗಿ "ನಾನ್ ಇಲ್ಲೇ ಇದೀನಿ, ಬನ್ನಿ ಮನೆಗೆ" ಎಂದೆ. ಅವರು ಒಂದು ಹೆಜ್ಜೆ ಹಿಂದಕ್ಕೆ ಸರಿದು, "ನೀನ್ ಯಾಕ್ ಬಂದೆ? ನೀನ್ ಮನೇಲಿರು" ಎಂದರು.

ಶಿವಮೊಗ್ಗದ ಬಸ್ಸು ಬಂತು. ಇಳಿದವರ ಮುಖವನ್ನೆಲ್ಲ ನೋಡಿದರು. ಬಸ್ಸು ಹೋಯಿತು, ಇನ್ನೊಂದು ಬಂತು, ಅದೂ ಹೋಯಿತು. ಪ್ರತಿ ಬಸ್ಸು ಹೊರಟಾಗಲೂ ಅವರ ತಲೆ ಸ್ವಲ್ಪ ಬಗ್ಗುತ್ತಿತ್ತು, ಮತ್ತೆ ದೂರದಲ್ಲಿ ಹಾರ್ನ್ ಕೇಳಿದರೆ ಏಳುತ್ತಿತ್ತು. ನಾನು ಒಂದು ಮಾರು ದೂರದಲ್ಲಿ ಅಕ್ಕನ ಸೀರೆಯಲ್ಲಿ ನಿಂತು, ನನಗಾಗಿ ಕಾಯುತ್ತಿರುವ ಗಂಡನನ್ನು ನೋಡುತ್ತಿದ್ದೆ. ಅವರು ಕಾಯುವುದು ಹೀಗೆ ಎಂದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವ ದಾರಿಯೂ ಇರಲಿಲ್ಲ, ನಾನು ಯಾವಾಗಲೂ ಬಸ್ಸಿನೊಳಗೆ ಇರುತ್ತಿದ್ದೆನಲ್ಲ. ಬೀದಿದೀಪ ಹತ್ತುವ ಹೊತ್ತಿಗೆ ಪಕ್ಕದ ಮನೆಯ ತಮಿಳಮ್ಮ ಹೂ ಕೊಳ್ಳಲು ಬಂದವರು ನೋಡಿ ಹತ್ತಿರ ಬಂದರು. "ಅಣ್ಣಾ, ಮೇಡಂ ಇವತ್ತು ಬರಲ್ಲಾಂತೆ, ಫೋನ್ ಬಂತು. ವಾಂಗೋ, ಮನೆಗೆ ಹೋಗೋಣ" ಎಂದು ಕರೆದರು. ಅವರ ಮಾತಿಗೆ ಇವರು ಬಂದರು. ನಾನು ಇಬ್ಬರ ಹಿಂದೆ ನಡೆದೆ.

ಸೀರೆಯಿಂದಲೇ ಎಡವಟ್ಟಾಗಿದ್ದರೆ ಸೀರೆ ಬದಲಾಯಿಸಿದರಾಯಿತು ಎಂದುಕೊಂಡು ಮರುದಿನ ಬೆಳಿಗ್ಗೆ ಕಾಲೇಜಿನ ಬೂದಿ ಬಣ್ಣದ್ದು ಉಟ್ಟು ಅವರ ಎದುರಿಗೆ ನಿಂತೆ. ಅವರು ಪೇಪರ್ ಕೆಳಗಿಟ್ಟು, ಮರ್ಯಾದೆಯಿಂದ ಎದ್ದು ನಿಂತು, "ಯಾರ್ ಬೇಕಾಗಿತ್ತು?" ಎಂದರು. ಅವರು ಅಡುಗೆಮನೆಯ ಕಡೆ ತಿರುಗಿ, "ಇವಳೇ, ಯಾರೋ ಬಂದಿದಾರೆ ನೋಡು" ಎಂದು ಕೂಗಿದರು. ಕೂಗಿ, ಉತ್ತರ ಬರುತ್ತದೆಂದು ಕಿವಿಗೊಟ್ಟು ನಿಂತರು. ಒಲೆಯ ಮೇಲೆ ಹಾಲು ಕಾಯುವ ಸದ್ದು ಬಿಟ್ಟರೆ ಅಲ್ಲಿ ಏನಿರಲು ಸಾಧ್ಯ? ಆದರೂ ನಾನೂ ಕಿವಿಗೊಟ್ಟೆ. ಒಳಗೆ ಹೋಗಿ ಅರಿಶಿನದ ಬಣ್ಣದ ಸೀರೆಯುಟ್ಟು ಹೊರಗೆ ಬಂದೆ. ಅವರು ಸುಮ್ಮನಾದರು. ಅಪರಿಚಿತಳಾಗುವುದಕ್ಕಿಂತ ಅಕ್ಕನಾಗುವುದು ವಾಸಿ ಎನಿಸಿತು.

ಅಂದಿನಿಂದ ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ನಾನು ಅಕ್ಕ. ಕೊಂಕು ತೆಗೆಯುತ್ತಿದ್ದ ಮನುಷ್ಯ ಅಕ್ಕನ ಮುಂದೆ ತುಟಿ ಬಿಚ್ಚುತ್ತಿರಲಿಲ್ಲ. ಹಾಕಿದ್ದನ್ನು ತಟ್ಟೆ ಒರೆಸುವಂತೆ ತಿನ್ನುತ್ತಿದ್ದರು. ಒಂದು ದಿನ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಬಡಿಸಿದೆ, ಅದನ್ನೂ ಉಂಡರು. ನಾನು ಓಡಾಡಿದ ಕಡೆಗೆಲ್ಲ ಅವರ ಕಣ್ಣು ಬರುತ್ತಿತ್ತು. ಹೊಸ ಮದುಮಗನೂ ಹೆಂಡತಿಯನ್ನು ಹಾಗೆ ನೋಡುವುದಿಲ್ಲ. ಇಷ್ಟು ವರ್ಷ ನಾನು ಅನುಮಾನ ಪಟ್ಟಿದ್ದನ್ನು ಈಗ ಕಣ್ಣಾರೆ ಕಾಣುತ್ತಿದ್ದೇನೆ ಎಂದುಕೊಂಡು ಒಳಗೊಳಗೇ ಕುದಿಯುತ್ತಿದ್ದೆ.

ಸಂಜೆಯಾದರೆ ಮತ್ತೆ ಛತ್ರಿ, ಮತ್ತೆ ಬೇಕರಿ. ತಮಿಳಮ್ಮ ದಿನಕ್ಕೊಂದು ಫೋನಿನ ಸುಳ್ಳು ಹೇಳಿ ಸಾಕಾಗಿದ್ದರು. ಶಿವಮೊಗ್ಗದಿಂದ ಮಗಳು ಫೋನು ಮಾಡಿ, "ಇಬ್ರೂ ಇಲ್ಲೇ ಬಂದ್ಬಿಡಿ ಚಿಕ್ಕಮ್ಮ. ಒಬ್ರೇ ಎಷ್ಟು ದಿನ ನೋಡ್ಕೋತೀರ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಗೋಪಾಳದ ಆ ಮನೆಯ ಹತ್ತಿರ ನಾನು ಬಂದು ಇಳಿಯುವ ಬಸ್ ಸ್ಟಾಪು ಇರಲಿಲ್ಲ. ಅಲ್ಲಿಗೆ ಹೋದರೆ ಅವರು ನನ್ನನ್ನು ಕಾಯುವುದೂ ನಿಲ್ಲುತ್ತದೆ, ಆಮೇಲೆ ಅವರ ತಲೆಯಲ್ಲಿ ನಾನು ನಿಲ್ಲಲು ಜಾಗವೇ ಇರುವುದಿಲ್ಲ. ಇದನ್ನು ಫೋನಿನಲ್ಲಿ ಹೇಗೆ ಹೇಳುವುದು? ಸ್ವಲ್ಪ ದಿನ ನೋಡೋಣ ಎಂದೆ.

ಉಪಾಯ ಹೊಳೆದದ್ದು ಪಾತ್ರೆ ತೊಳೆಯುವಾಗ. ಹೊಳೆದ ಕೂಡಲೇ ನಗು ಬಂತು, ಆಮೇಲೆ ನಾಚಿಕೆಯಾಯಿತು, ಆದರೂ ಮಾಡಿದೆ. ಗಂಜಿ ಹಾಕಿದ ನೀಲಿ ಸೀರೆಯನ್ನೂ ಹಳೆಯ ಕಾಲೇಜು ಬ್ಯಾಗನ್ನೂ ತಮಿಳಮ್ಮನ ಮನೆಯಲ್ಲಿ ಇಟ್ಟೆ. ಸಂಜೆ ಅಂಗಡಿಗೆ ಹೋಗುವಂತೆ ಅವರ ಮನೆಗೆ ಹೋಗಿ ಸೀರೆ ಬದಲಾಯಿಸಿ, ಆಟೋ ಹಿಡಿದು ಶಿವಮೊಗ್ಗದ ದಿಕ್ಕಿನಲ್ಲಿ ಕಡದಕಟ್ಟೆಯವರೆಗೆ ಹೋದೆ. ಅವರು ಛತ್ರಿ ಹಿಡಿದು ಹೊರಡುವುದನ್ನು ತಮಿಳಮ್ಮ ಗೇಟಿನಲ್ಲಿ ನಿಂತು ನೋಡಿಕೊಂಡು, ನಮ್ಮ ಬಾಗಿಲಿಗೆ ಬೀಗ ಹಾಕಿದರು. ಕಡದಕಟ್ಟೆಯಲ್ಲಿ ಶಿವಮೊಗ್ಗದಿಂದ ಬರುವ ಬಸ್ಸು ಹತ್ತಿದೆ. ಕಂಡಕ್ಟರು ಹಳಬ. "ಏನ್ ಮೇಡಂ, ರಿಟೈರ್ ಆದ್ರಿ ಅಂದ್ರು" ಎಂದ. "ಆಗಿದೀನಿ. ಟಿಕೆಟ್ ಕೊಡು" ಎಂದೆ.

ನಮ್ಮ ಸ್ಟಾಪಿನಲ್ಲಿ ಮುಂದಿನ ಬಾಗಿಲಿನಿಂದ ಇಳಿದೆ. ಅವರು ಬೇಕರಿಯ ಮುಂದಿನಿಂದ ರಸ್ತೆ ದಾಟಿ ಬಂದರು, ಕೈ ಚಾಚಿದರು, ಬ್ಯಾಗು ಇಸಿದುಕೊಂಡರು. "ಎಷ್ಟ್ ದಿನ ಆಯ್ತೇ ಮಾರಾಯ್ತಿ" ಎಂದರು. ಅಷ್ಟೇ. ತಿರುಗಿ ಮುಂದೆ ಮುಂದೆ ನಡೆದರು. ನನಗೆ ಅಳು ಬಂತು, ರಸ್ತೆಯಲ್ಲೇ ಅತ್ತೆ. ಅವರು ಹಿಂದಿರುಗಿ ನೋಡುವವರಲ್ಲ, ಹಾಗಾಗಿ ತೊಂದರೆಯಾಗಲಿಲ್ಲ.

ಅಂದಿನಿಂದ ಅದೇ ನಮ್ಮ ದಿನಚರಿ. ಬಸ್ಸಿನಿಂದ ಇಳಿದು ಮನೆಗೆ ಬಂದ ಮೇಲೆ ಮಲಗುವವರೆಗೆ ನಾನು ನಾನೇ. ಅನ್ನ ಮೆತ್ತಗಾಗಿದೆ ಎಂದು ಬೈಸಿಕೊಳ್ಳುತ್ತೇನೆ, ನಾನೂ ತಿರುಗಿ ಅನ್ನುತ್ತೇನೆ. ಬೆಳಗಾದರೆ ಅದು ಅಳಿಸಿಹೋಗಿರುತ್ತದೆ. ಬೆಳಗಾದರೆ ಅಕ್ಕ.

ಬಸ್ಸಿನಲ್ಲಿ ಆ ಸ್ವಲ್ಪ ದೂರ ಕೂತು ನಾನು ನನ್ನ ಹಳೆಯ ಪಾಠವನ್ನು ಮತ್ತೆ ಮತ್ತೆ ತಿರುವಿ ಹಾಕುತ್ತೇನೆ. ನೆನಪಿಗೆ ತಾರತಮ್ಯ ಗೊತ್ತು. ಇದು ಇತ್ತು, ಈಗ ಇಲ್ಲ ಎಂದು ಅದು ಹೇಳಬಲ್ಲದು. ಅಭ್ಯಾಸಕ್ಕೆ ಅದು ಗೊತ್ತಿಲ್ಲ. ಅದಕ್ಕೆ ಎಲ್ಲವೂ ಈಗಲೂ ಇದೆ. ಸಾಸಿವೆ ಡಬ್ಬಿಗೆ ಕೈ ಚಾಚಿದಾಗ ನನ್ನ ಕೈಗೆ ಅಕ್ಕ ಸತ್ತದ್ದು ಗೊತ್ತಿಲ್ಲ, ಬೇಕರಿಯ ಮುಂದೆ ನಿಂತ ಅವರ ಕಾಲಿಗೆ ನಾನು ರಿಟೈರ್ ಆದದ್ದು ಗೊತ್ತಿಲ್ಲ. ನಮ್ಮ ಹಳೆಯ ಶಾಸ್ತ್ರಕಾರರು ಇದನ್ನು ವಾಸನೆ ಎಂದರು. ಇಂಗಿನ ಡಬ್ಬಿ ತೊಳೆದಿಟ್ಟರೂ ಇಂಗು ಹೋಗುವುದಿಲ್ಲವಲ್ಲ, ಹಾಗೆ ಎಂದು ನಾನು ಮಕ್ಕಳಿಗೆ ಹೇಳುತ್ತಿದ್ದೆ, ನಗಿಸಲು. ಮನೆಯವರೆಲ್ಲ ಎದ್ದು ಹೋದ ಮೇಲೂ ತಿರುಗುವ ಫ್ಯಾನು ಎಂದದ್ದು ನಾನೇ. ಈಗ ಆ ಫ್ಯಾನಿನ ಕೆಳಗೆ ನಾನೇ ಕೂತಿದ್ದೇನೆ, ಅದು ನಿಂತರೆ ನನ್ನ ಗತಿ ಏನು ಎಂದು ಮೇಲೆ ನೋಡುತ್ತಿದ್ದೇನೆ.

ಮಗಳಿಗೆ ಇದು ಗೊತ್ತಾಗದೆ ಇರಲಿಲ್ಲ. ಒಂದು ಶನಿವಾರ ಹೇಳದೆ ಬಂದವಳು ತಮಿಳಮ್ಮನ ಮನೆಯಲ್ಲಿ ನಾನು ಸೀರೆ ಬದಲಾಯಿಸುವಾಗಲೇ ಹಿಡಿದಳು. ಅವತ್ತು ನನ್ನ ಜೊತೆಯಲ್ಲೇ ಆಟೋದಲ್ಲಿ ಬಂದು, ಬಸ್ಸು ಹತ್ತಿ, ಪಕ್ಕದಲ್ಲಿ ಕೂತಳು.

"ಚಿಕ್ಕಮ್ಮ, ಕೋಪ ಮಾಡ್ಕೋಬೇಡಿ. ಈ ಸೀರೆ, ಈ ಬ್ಯಾಗು, ಈ ಬಸ್ಸು ಇದ್ರೆ ಮಾತ್ರ ಅಪ್ಪಂಗೆ ನೀವು ಅಂತ ಗೊತ್ತಾಗೋದಾದ್ರೆ, ಅದು ನಿಮ್ಮನ್ನ ಗುರುತಿಸಿದ ಹಾಗಾ? ಬೇರೆ ಯಾರ್ ಇಳಿದ್ರೂ ಬ್ಯಾಗ್ ಇಸ್ಕೋತಾರೇನೋ."

ನನ್ನದೇ ಪಾಠದ ಪ್ರಶ್ನೆ ಅದು. ನಾನು ತರಗತಿಯಲ್ಲಿ ಕೇಳಿದ್ದರೆ ಯಾರೂ ಉತ್ತರ ಹೇಳುತ್ತಿರಲಿಲ್ಲ. ಸ್ಟಾಪು ಬಂತು. ನನಗಿಂತ ಮುಂದೆ ನನ್ನದೇ ವಯಸ್ಸಿನ ಯಾರೋ ಟೀಚರಮ್ಮ ಇಳಿದರು, ಹತ್ತಿ ಸೀರೆ, ಹೆಗಲಲ್ಲಿ ಬ್ಯಾಗು. ಬೇಕರಿಯ ಕಡೆಯಿಂದ ನಮ್ಮನೆಯವರು ಆಕೆಯನ್ನು ದಾಟಿಕೊಂಡು ಬಂದು ನನ್ನ ಬ್ಯಾಗಿಗೆ ಕೈ ಹಾಕಿದರು. ನಾನು ಮಗಳ ಕಡೆ ನೋಡಿದೆ, ಗೆದ್ದವಳ ಹಾಗೆ. ಅವಳು ಕಣ್ಣೊರೆಸಿಕೊಂಡಳು, ಮತ್ತೆ ಶಿವಮೊಗ್ಗಕ್ಕೆ ಬನ್ನಿ ಎನ್ನಲಿಲ್ಲ. ಮಗಳನ್ನು ಅವರು ಪಕ್ಕದೂರಿನವಳೆಂದು ಮಾತಾಡಿಸಿದರು.

ಕಳೆದ ವಾರದ ಮಾತು. ಮಳೆ ನಿಂತಿತ್ತು, ರಸ್ತೆಯಲ್ಲಿ ನೀರು. ಬಸ್ಸಿನಿಂದ ಇಳಿದೆ, ಬ್ಯಾಗು ಇಸಿದುಕೊಂಡರು. ಆದರೆ ಎಂದಿನ ಹಾಗೆ ಮುಂದೆ ಹೋಗದೆ ನನ್ನ ಪಕ್ಕದಲ್ಲೇ ನಡೆದರು. ಅಷ್ಟು ವರ್ಷಗಳಲ್ಲಿ ಅದು ಹೊಸದು, ನಾನು ಹೆದರಿದೆ.

"ನಿಂಗೊಂದ್ ವಿಷ್ಯ ಹೇಳ್ಬೇಕು ಕಣೆ" ಎಂದರು. "ದಿನಾ ಅನ್ಕೋತೀನಿ, ಮನೆ ಹತ್ರ ಬರೋಷ್ಟರಲ್ಲಿ ಮರ್ತೋಗತ್ತೆ."

"ಏನು, ಹೇಳಿ."

"ಮನೇಲಿ ನಿಮ್ಮಕ್ಕ ಇದಾಳೆ."

ನಾನು ಅವರ ಮುಖ ನೋಡಿದೆ.

"ಬೆಳಿಗ್ಗೆ ಎದ್ದಾಗಿಂದ ಇರ್ತಾಳೆ. ಅವಳು ತೀರ್ಕೊಂಡಿದಾಳೆ ಅಂತ ನಂಗೊತ್ತು. ನಾನೇ ಮಣ್ ಹಾಕಿದೀನಿ, ಈ ಕೈಯಲ್ಲೇ. ಆದ್ರೂ ಒಳಗ್ ಓಡಾಡ್ತಿರ್ತಾಳೆ. ಕಾಫಿ ತಂದ್ಕೊಡ್ತಾಳೆ."

"ಮಾತಾಡ್ಸಿದ್ರಾ?"

"ಭಯ ಆಗತ್ತೆ ಮಾರಾಯ್ತಿ. ಏನ್ ಹಾಕಿದ್ರೂ ಸುಮ್ನೆ ತಿನ್ತೀನಿ. ಯಾವ್ ಕಡೆ ಹೋಗ್ತಾಳೋ ಅಂತ ನೋಡ್ತಾನೇ ಇರ್ತೀನಿ. ಸಂಜೆ ಯಾವಾಗ್ ಆಗತ್ತೋ ಅಂತ ಕಾಯ್ತೀನಿ. ನೀನ್ ಬಂದ್ರೆ ಅವಳು ಇರಲ್ಲ."

ನನ್ನ ಹೊಟ್ಟೆಕಿಚ್ಚೆಲ್ಲ ಆ ಒಂದು ಮಾತಿಗೆ ಆರಿಹೋಯಿತು. ಆರಿದ ಜಾಗದಲ್ಲಿ ಏನು ತುಂಬಿತು ಎಂದು ಹೇಳಲಾರೆ. ನಾನು ಪ್ರೀತಿ ಎಂದುಕೊಂಡು ಉರಿದುಹೋದದ್ದು ಅವರ ಭಯ. ಹೆದರಿಸುತ್ತಿದ್ದವಳು ನಾನೇ, ಕಾಪಾಡಲು ಬಸ್ಸು ಹತ್ತಿ ಬರುತ್ತಿದ್ದವಳೂ ನಾನೇ. ಅವರ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ.

ಗೇಟಿನ ಹತ್ತಿರ ಬಂದು ಅವರು ನಿಂತುಬಿಟ್ಟರು. ಎಷ್ಟು ಕರೆದರೂ ಕಾಲು ಮುಂದಿಡಲಿಲ್ಲ.

"ನೀನ್ ಮೊದ್ಲು ಹೋಗ್ ನೋಡು. ಅವಳಿದ್ರೆ ಬಂದ್ ಹೇಳು, ಇಬ್ರೂ ಇಲ್ಲೇ ನಿಂತಿರೋಣ."

ಬೀಗ ತೆಗೆದು ಒಳಗೆ ಹೋದೆ. ದೀಪ ಹಾಕಿದೆ. ನಡುಮನೆ ನೋಡಿದೆ, ಕೋಣೆ ನೋಡಿದೆ. ಅಡುಗೆಮನೆಯಲ್ಲಿ ನಾನು ಅರ್ಧ ಹೆಚ್ಚಿ ಬಿಟ್ಟುಹೋಗಿದ್ದ ಹುರುಳಿಕಾಯಿ ಹಾಗೇ ಇತ್ತು. ಸುಮ್ಮನೆ ನೋಡಿದ ಹಾಗೆ ಮಾಡಲಿಲ್ಲ, ಬಾಗಿಲುಗಳ ಹಿಂದೆ ಕೂಡ ಇಣುಕಿ ನೋಡಿದೆ. ಆಮೇಲೆ ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ಗೇಟಿನಾಚೆ ನನ್ನ ಬ್ಯಾಗನ್ನು ಎದೆಗೆ ಹಿಡಿದು ನಿಂತಿದ್ದ ಗಂಡನಿಗೆ ಹೇಳಿದೆ.

"ಯಾರೂ ಇಲ್ಲ. ಬನ್ನಿ."